ಯಾವುದು ಮೊದಲೋ ಅಲ್ಲಿಯವರೆಗೆ

ಸರ್ಕಾರದ ಸಚಿವಾಲಯವಿರುವ ಬಹುಮಹಡಿ ಕಟ್ಟಡದಿಂದ ಹೊರಬೀಳುವ ಒಂದು ಹಾಳೆಯ ಆದೇಶವನ್ನು ಕೈಯಲ್ಲಿ ಹಿಡಿದು ನೋಡಿ. ನೆತ್ತಿಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’. ಅದರ ಕೆಳಗೆ ‘ಓದಲಾಗಿದೆ’, ಆಮೇಲೆ ‘ಪ್ರಸ್ತಾವನೆ’. ತಳದಲ್ಲಿ ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಅಧೀನ ಕಾರ್ಯದರ್ಶಿಯ ಸಹಿ. ಇಷ್ಟೆಲ್ಲದರ ನಡುವೆ ಇರುವುದು ಒಂದೇ ವಾಕ್ಯ: ಶ್ರೀಯುತರನ್ನು ಇಂಥ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರನ್ನಾಗಿ ‘3 ವರ್ಷಗಳ ಅವಧಿಗೆ ಅಥವಾ ಸರ್ಕಾರದ ಮುಂದಿನ ಆದೇಶದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ’ ನೇಮಿಸಲಾಗಿದೆ. ಅಧ್ಯಕ್ಷರು ಇದನ್ನು ‘3 ವರ್ಷ’ದವರೆಗೆ ಓದಿ ಹಾರಕ್ಕೆ ಕೊರಳೊಡ್ಡುತ್ತಾರೆ. ಸರ್ಕಾರ ಓದಲು ಶುರು ಮಾಡುವುದೇ ‘ಅಥವಾ’ದಿಂದ. ಮುಂದೆ ಹೈಕೋರ್ಟಿನಲ್ಲಿ ನಡೆಯುವುದು ಆ ಮೂರಕ್ಷರದ ಎಡಗಡೆಯವರಿಗೂ ಬಲಗಡೆಯವರಿಗೂ ಜಗಳ.

ಈ ಕುರ್ಚಿಗಳಿಗೆ ಇಷ್ಟು ಗಿರಾಕಿ ಏಕೆಂದರೆ, ಲೆಕ್ಕ ಹಾಗಿದೆ. 2003ರ 91ನೇ ತಿದ್ದುಪಡಿಯ ನಂತರ, ಸಂವಿಧಾನದ 164(1ಎ) ವಿಧಿಯಂತೆ, ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳ ಸಂಖ್ಯೆ ವಿಧಾನಸಭೆಯ ಬಲದ ಶೇ 15 ದಾಟುವಂತಿಲ್ಲ. ನಮ್ಮಲ್ಲಿ 224 ಸ್ಥಾನ. ಶೇ 15 ಎಂದರೆ 33.6. ಪಾಯಿಂಟ್ ಆರು ಮಂತ್ರಿಗೆ ಪ್ರಮಾಣವಚನ ಬೋಧಿಸುವ ಕ್ರಮ ಯಾವ ಕೈಪಿಡಿಯಲ್ಲೂ ಇಲ್ಲದ್ದರಿಂದ 34 ಎಂದು ಹಿಡಿಯುವುದು ರೂಢಿ. ಸರ್ಕಾರ ನಿಲ್ಲಲು ಬೇಕಾದದ್ದು 113. ಕಳೆದರೆ 79 ಜನ ಮುಖ ಊದಿಸಿಕೊಂಡು ಉಳಿದರು. ಅವರಿಗೆ ನಿಗಮ, ಮಂಡಳಿ, ಪ್ರಾಧಿಕಾರ, ಜೊತೆಗೆ ಸಂಪುಟ ದರ್ಜೆ ಸ್ಥಾನಮಾನ ಮತ್ತು ಸರ್ಕಾರಿ ಕಾರು. 2024ರ ಜನವರಿಯಲ್ಲಿ ಒಂದೇ ಏಟಿಗೆ ಮೂವತ್ತಕ್ಕೂ ಹೆಚ್ಚು ಶಾಸಕರು ಹೀಗೆ ದಡ ಸೇರಿದರು. ಉಳಿದ ಬೆಂಚು ಕುರ್ಚಿಗಳು ಪಕ್ಷಕ್ಕಾಗಿ ಬ್ಯಾನರ್ ಕಟ್ಟಿದವರಿಗೆ. ಇದಕ್ಕೆ ‘ಗಂಜಿ ಕೇಂದ್ರ’ ಎಂಬ ಹೆಸರಿಟ್ಟು ಆಡಿಕೊಳ್ಳುವುದು ವಿರೋಧ ಪಕ್ಷದ ಕೆಲಸ. ಆ ಪಕ್ಷ ಅಧಿಕಾರಕ್ಕೆ ಬಂದ ದಿನ ಗಂಜಿಯ ಹಂಡೆ ಅದೇ, ಸೌಟು ಮಾತ್ರ ಬೇರೆ ಕೈಗೆ.

ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇರುವುದು ಶಿವಮೊಗ್ಗದಲ್ಲಿ, ಬಯಲುಸೀಮೆಯದು ಚಿತ್ರದುರ್ಗದಲ್ಲಿ, ಕಲ್ಯಾಣ ಕರ್ನಾಟಕದ್ದು ಕಲಬುರಗಿಯಲ್ಲಿ. ಅಧ್ಯಕ್ಷರು ಹುಟ್ಟುವುದೂ ಸಾಯುವುದೂ ಬೆಂಗಳೂರಿನಲ್ಲಿ. ನೇಮಕಾತಿ ಅಂಬೇಡ್ಕರ್ ವೀಧಿಯ ಈಚೆ, ತಡೆಯಾಜ್ಞೆ ಆಚೆ, ಹೈಕೋರ್ಟ್ ಇರುವ ಅಟ್ಟಾರ ಕಚೇರಿಯ ಕೆಂಪು ಗೋಡೆಯೊಳಗೆ. ಮಧ್ಯೆ ಒಂದು ರಸ್ತೆ ದಾಟಿದರಾಯಿತು.

ಮೊಕದ್ದಮೆ ಗೆಲ್ಲುವುದು ಸೋಲುವುದು ಬಹುಮಟ್ಟಿಗೆ ಕುರ್ಚಿ ಯಾವ ಮರದ್ದು ಎನ್ನುವುದರ ಮೇಲೆ ನಿಂತಿದೆ. ಕಂಪನಿ ಕಾಯ್ದೆಯಡಿ ನೋಂದಾಯಿತ ನಿಗಮವಾದರೆ ಅಧ್ಯಕ್ಷರು ಕಾನೂನಿನ ಕಣ್ಣಿಗೆ ಬರೀ ಒಬ್ಬ ನಿರ್ದೇಶಕರು. ಕಂಪನಿಯ ನಿಯಮಾವಳಿಯಲ್ಲಿ ಸರ್ಕಾರ ನೇಮಿಸಬಹುದು, ತೆಗೆಯಬಹುದು ಎಂದು ಬರೆದಿದ್ದರೆ ವಾದಕ್ಕೆ ಜಾಗ ಕಡಿಮೆ. ಆದರೆ ಬದಲಾವಣೆಯನ್ನು 30 ದಿನದೊಳಗೆ ಡಿಐಆರ್-12 ನಮೂನೆಯಲ್ಲಿ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸಬೇಕು. ಹಾರ, ಪಟಾಕಿ, ಫ್ಲೆಕ್ಸ್‌ಗಳ ಗದ್ದಲದಲ್ಲಿ ಇದನ್ನು ಮರೆಯುತ್ತಾರೆ. ಹಾಗಾಗಿ ಹೊಸಬರು ಕುರ್ಚಿಯಲ್ಲಿ ಕೂತು ತಿಂಗಳುಗಳಾದರೂ ಕಂಪನಿಯ ದಾಖಲೆಯಲ್ಲಿ ಹಳಬರೇ ರಾರಾಜಿಸುತ್ತಿರುತ್ತಾರೆ. ಶಾಸನದಿಂದಲೇ ಹುಟ್ಟಿದ ಮಂಡಳಿಯದು ಬೇರೆ ಜಾತಿ. ಅವಧಿ ಎಷ್ಟು, ಯಾವ ಕಾರಣಕ್ಕೆ ತೆಗೆಯಬಹುದು ಎಂಬುದು ಕಾಯ್ದೆಯಲ್ಲೇ ಇರುತ್ತದೆ. ‘ಅಹವಾಲು ಹೇಳಿಕೊಳ್ಳಲು ಅವಕಾಶ ಕೊಟ್ಟು’ ಎಂಬ ಮಾತು ಆ ಕಲಮಿನಲ್ಲಿ ಎಲ್ಲಾದರೂ ಅಡಗಿದ್ದರೆ ಒಂದು ಸಾಲಿನ ರದ್ದತಿ ಆದೇಶ ಕೋರ್ಟಿನ ಮೆಟ್ಟಿಲಲ್ಲೇ ಮುಗ್ಗರಿಸುತ್ತದೆ. ಇನ್ನು ಬರೀ ಸರ್ಕಾರಿ ಆದೇಶದಿಂದ ಹುಟ್ಟಿದವು. ಹಾಳೆಯಿಂದ ಬಂದದ್ದು, ಹಾಳೆಯಿಂದಲೇ ಹೋಗುತ್ತದೆ.

ತೆಗೆಯುವ ಕಲೆಯಲ್ಲಿ ಒಂದು ಗುಟ್ಟಿದೆ. ಕಾರಣ ಕೊಡಬಾರದು. ‘ಅದಕ್ಷತೆ’, ‘ಅವ್ಯವಹಾರ’ ಎಂದೆಲ್ಲ ಬರೆದಿರೋ, ಅದು ಕಳಂಕವಾಯಿತು. ಕಳಂಕವಾದರೆ ನೋಟಿಸ್ ಕೊಡಬೇಕು, ಉತ್ತರ ಕೇಳಬೇಕು. ಏನೂ ಬರೆಯದೆ ‘ನಾಮನಿರ್ದೇಶನವನ್ನು ತಕ್ಷಣದಿಂದ ರದ್ದುಪಡಿಸಲಾಗಿದೆ’ ಎಂದರೆ ಆದೇಶ ಗಟ್ಟಿ. ರಾಜಕೀಯ ಕಾರಣಕ್ಕೆ ನಾಮನಿರ್ದೇಶನಗೊಂಡವರನ್ನು ಸರ್ಕಾರ ತನ್ನ ಇಚ್ಛೆಯಂತೆ ಹಿಂದೆಗೆದುಕೊಳ್ಳಬಹುದು ಎಂದು ಶಾಹಜಹಾನ್‌ಪುರ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ರಾಜ್ಯಪಾಲರನ್ನು ತೆಗೆಯುವ ಕುರಿತ 2010ರ ಸಿಂಘಾಲ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಇನ್ನೂ ಸೂಕ್ಷ್ಮಕ್ಕೆ ಇಳಿದರು: ಕಾರಣ ಹೇಳಬೇಕಿಲ್ಲ, ಆದರೆ ಕಾರಣ ಇರಬೇಕು. ಕಡತ ಬರೆಯುವವರಿಗೆ ಇದು ವರ. ಇದ್ದದ್ದನ್ನು ಬರೆದವನು ಸೋಲುತ್ತಾನೆ, ಬರೆಯದವನು ಗೆಲ್ಲುತ್ತಾನೆ. ಹಿಂಬಾಗಿಲಿನಿಂದ ಬಂದವರು ಅದೇ ಬಾಗಿಲಿನಿಂದ ಹೋಗಬೇಕಾಗುತ್ತದೆ ಎಂದು 1994ರಲ್ಲಿ ಉತ್ತರ ಪ್ರದೇಶದ ಸರ್ಕಾರಿ ವಕೀಲರ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತ್ತು. ನಮ್ಮವರು ಆ ತೀರ್ಪಿನಿಂದ ಕಲಿತದ್ದು ಹಿಂಬಾಗಿಲನ್ನು ಅಗಲ ಮಾಡಿಸಬೇಕು ಎಂಬುದನ್ನು.

ಕಾಲವನ್ನೂ ಗಮನಿಸಬೇಕು. 2013, 2018, 2023, ಮೂರೂ ಚುನಾವಣೆಯ ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ. 2023ರಲ್ಲಿ ಹೊಸ ಸರ್ಕಾರ ಪ್ರಮಾಣವಚನದ ಬೆನ್ನಿಗೇ ನಿಗಮ-ಮಂಡಳಿಗಳ ನಾಮನಿರ್ದೇಶನಗಳನ್ನು ರದ್ದು ಮಾಡಿತು. ಮೇ ಎಂದರೆ ಹೈಕೋರ್ಟಿಗೆ ಬೇಸಿಗೆ ರಜೆ. ರಜಾಪೀಠದ ಮುಂದೆ ‘ತುರ್ತು’ ಎಂದು ಮನವರಿಕೆ ಮಾಡಬೇಕು. ಜಾಮೀನು, ಮನೆ ಕೆಡಹುವುದು, ಪರೀಕ್ಷೆಯ ಹಾಲ್ ಟಿಕೆಟ್ ಇವುಗಳ ಸಾಲಿನಲ್ಲಿ ನಿಂತು ‘ನನ್ನ ಇನ್ನೋವಾ ವಾಪಸ್ ತೆಗೆದುಕೊಂಡರು’ ಎಂಬ ತುರ್ತನ್ನು ಹೈಕೋರ್ಟಿಗೆ ರಿಟ್ ಅಧಿಕಾರ ಕೊಡುವ 226ನೇ ವಿಧಿಯ ಭಾಷೆಯಲ್ಲಿ ಬರೆಯಬಲ್ಲ ವಕೀಲರಿಗೆ ಫೀಸು ಹೆಚ್ಚು, ಅದು ನ್ಯಾಯವೇ.

ಇತ್ತ ಹೊಸದಾಗಿ ನೇಮಕವಾದವರು ಸುಮ್ಮನಿರುವುದಿಲ್ಲ, ‘ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ’ ಎಂಬ ಕೇವಿಯಟ್ ಹಾಕುತ್ತಾರೆ. ಅದರ ಆಯುಷ್ಯ 90 ದಿನ. ಹಳಬರ ವಕೀಲರಿಗೆ ಎಣಿಕೆ ಬಂದರೆ 91ನೇ ದಿನ ಅರ್ಜಿ. ಎದುರು ಪಕ್ಷದ ಮಾತು ಕೇಳದೆ ತಡೆಯಾಜ್ಞೆ ಸಿಕ್ಕರೂ 226(3) ವಿಧಿಯ ಗಡಿಯಾರವಿದೆ: ತೆರವಿಗೆ ಅರ್ಜಿ ಹಾಕಿದರೆ ಎರಡು ವಾರದಲ್ಲಿ ಕೋರ್ಟ್ ಅದನ್ನು ತೀರ್ಮಾನಿಸಬೇಕು, ಇಲ್ಲದಿದ್ದರೆ ತಡೆ ತಾನಾಗಿಯೇ ಬೀಳುತ್ತದೆ. ಏಕಸದಸ್ಯ ಪೀಠದಲ್ಲಿ ಸೋತವರು ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ. ಒಂದೊಂದು ಮೆಟ್ಟಿಲಿಗೂ ಬೋರ್ಡಿನ ಮೇಲಿನ ಹೆಸರು ಬದಲಾಗುತ್ತದೆ.

ಬೋರ್ಡು ಎಂದಾಗ ಕಚೇರಿಯ ಒಳಗೆ ಇಣುಕಲೇಬೇಕು. ಬಾಗಿಲ ಪಕ್ಕದ ಹಿತ್ತಾಳೆ ನಾಮಫಲಕಕ್ಕೆ ನಾಲ್ಕು ಸ್ಕ್ರೂ. ಹಳೆಯ ಫಲಕ ಬಿಚ್ಚಿ ಕಪಾಟಿನ ಮೇಲೆ ಕವುಚಿಟ್ಟಿದ್ದಾರೆ, ಎಸೆದಿಲ್ಲ; ತಡೆಯಾಜ್ಞೆ ಬಂದರೆ ಮತ್ತೆ ಬೇಕಲ್ಲ. ಪದೇ ಪದೇ ಬಿಚ್ಚಿ ಹಾಕಿ ಗೋಡೆಯ ತೂತು ದೊಡ್ಡದಾಗಿ, ಬೆಂಕಿಕಡ್ಡಿ ತುರುಕಿ ಸ್ಕ್ರೂ ನಿಲ್ಲಿಸಿದ್ದಾರೆ. ಕಾರಿನ ಲಾಗ್ ಬುಕ್ಕಿಗೆ ಯಾರ ಸಹಿ ಎಂದು ಚಾಲಕ ಕೇಳಿದರೆ ಮ್ಯಾನೇಜರು, ಸಾಹೇಬರ ಕೊಠಡಿಯತ್ತ ಕೈ ತೋರಿಸುತ್ತಾರೆ. ವ್ಯವಸ್ಥಾಪಕ ನಿರ್ದೇಶಕರಾದ ಸಾಹೇಬರು ತರಬೇತಿಗೆ ಹೋಗಿದ್ದಾರೆ. ಇಬ್ಬರು ಅಧ್ಯಕ್ಷರು ಇರುವ ಕಚೇರಿಯ ಸಾಹೇಬರಿಗೆ ತರಬೇತಿಯ ಹಸಿವು ಜಾಸ್ತಿ.

ನಾಗರಿಕರೊಬ್ಬರು ಎದ್ದು ನಿಂತು ‘ಇವರಿಗೆ ಏನು ಯೋಗ್ಯತೆಯಿದೆ?’ ಎಂದು ಕೇಳಬೇಕೆಂದರೆ ಅದಕ್ಕೂ ರಿಟ್ ಇದೆ: ಕೋ ವಾರಂಟೊ, ‘ಯಾವ ಅಧಿಕಾರದಿಂದ ಇಲ್ಲಿ ಕೂತಿದ್ದೀಯ?’ ಇದರ ಕಾನೂನನ್ನು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿದ ಹೆಸರಾಂತ ಪ್ರಕರಣ ನಮ್ಮದೇ, 1963ರ ಮೈಸೂರು ವಿಶ್ವವಿದ್ಯಾಲಯ ವಿರುದ್ಧ ಗೋವಿಂದರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಒಂದು ಇಂಗ್ಲಿಷ್ ರೀಡರ್ ಹುದ್ದೆಯ ಜಗಳ. ಹುದ್ದೆ ಸಾರ್ವಜನಿಕವಾಗಿರಬೇಕು, ನೇಮಕ ಶಾಸನಬದ್ಧ ನಿಯಮಕ್ಕೆ ವಿರುದ್ಧವಾಗಿರಬೇಕು. ಈಗ ಮಂಡಳಿಯ ಕಾಯ್ದೆ ತೆರೆದರೆ ಅಧ್ಯಕ್ಷರ ವಿದ್ಯಾರ್ಹತೆ, ಅನುಭವ ಎಂಬ ಜಾಗದಲ್ಲಿ ಏನೂ ಇಲ್ಲವೆಂದುಕೊಳ್ಳಿ. ಆಗ ನಿಯಮಭಂಗವೆಲ್ಲಿ ಬಂತು? ಯಾವ ಅರ್ಹತೆಯನ್ನೂ ಕೇಳದ ಹುದ್ದೆಗೆ ಅನರ್ಹ ಎಂಬುವನೇ ಇರುವುದಿಲ್ಲ. ಕರಡು ಬರೆದವರ ಕೈಗೆ ಬಂಗಾರದ ಕಡಗ ತೊಡಿಸಬೇಕು.

ಶಾಸಕರಿಗೆ ಮಾತ್ರ 191ನೇ ವಿಧಿಯ ಕಾಟ: ಸರ್ಕಾರದ ಲಾಭದಾಯಕ ಹುದ್ದೆ ಹಿಡಿದರೆ ಸದಸ್ಯತ್ವಕ್ಕೇ ಕುತ್ತು. ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಮಂಡಳಿಯ ಅಧ್ಯಕ್ಷೆಯಾಗಿದ್ದ ಜಯಾ ಬಚ್ಚನ್ ರಾಜ್ಯಸಭಾ ಸದಸ್ಯತ್ವ ಕಳೆದುಕೊಂಡದ್ದು 2006ರಲ್ಲಿ. ದುಡ್ಡು ತೆಗೆದುಕೊಂಡೇ ಇಲ್ಲ ಎಂಬ ವಾದ ನಡೆಯಲಿಲ್ಲ. ತೆಗೆದುಕೊಳ್ಳಲು ಬರುವ ಹುದ್ದೆಯಾದರೆ ಸಾಕು ಎಂದಿತು ಕೋರ್ಟ್. ಇದಕ್ಕೆ ನಮ್ಮಲ್ಲಿ 1956ರಿಂದಲೇ ಅನರ್ಹತೆ ನಿವಾರಣಾ ಕಾಯ್ದೆ ಎಂಬ ಮದ್ದಿದೆ. ವಿನಾಯಿತಿ ಪಟ್ಟಿಗೆ ಇನ್ನೊಂದು ಹುದ್ದೆಯ ಹೆಸರು ಸೇರಿಸಿದರೆ ರೋಗ ವಾಸಿ. ಬೇಕಿದ್ದರೆ ಹಿಂದಿನ ದಿನಾಂಕದಿಂದಲೂ ಸೇರಿಸಬಹುದು. ರಾಜಸ್ಥಾನದ ಕಾಂತಾ ಕಥೂರಿಯಾ ಪ್ರಕರಣದಲ್ಲಿ ಅದೂ ಊರ್ಜಿತವಾಗಿದೆ. ಜ್ವರ ಬರುವ ಮೊದಲೇ ಗುಣವಾಗಿತ್ತು ಎಂದು ಸರ್ಟಿಫಿಕೇಟ್ ಕೊಟ್ಟಂತೆ.

ಈ ಗಲಾಟೆಯಲ್ಲಿ ಪ್ರದೇಶದ ಅಭಿವೃದ್ಧಿ ಎಂಬ ಪದ ಅರ್ಜಿಯ ಶೀರ್ಷಿಕೆಯಲ್ಲಿ ಪಕ್ಷಕಾರರ ಹೆಸರಾಗಿ ಮಾತ್ರ ಬರುತ್ತದೆ. ಕ್ರಿಯಾಯೋಜನೆಗೆ ಮಂಡಳಿಯ ಒಪ್ಪಿಗೆ ಬೇಕು, ಒಪ್ಪಿಗೆಗೆ ಸಭೆ ಬೇಕು, ಸಭೆಗೆ ಅಧ್ಯಕ್ಷರು ಬೇಕು. ಜೂನ್‌ನಲ್ಲಿ ಆಗಬೇಕಾದ ಸಭೆ ನವೆಂಬರಿಗೆ ಹೋದರೆ ಟೆಂಡರ್ ಜನವರಿಗೆ, ಕಾಮಗಾರಿ ಮಾರ್ಚ್ ಕೊನೆಯ ವಾರಕ್ಕೆ. ಕಾಲುಸಂಕ ಕಟ್ಟುವ ಹಣ ಪಿಡಿ (ವೈಯಕ್ತಿಕ ಠೇವಣಿ) ಖಾತೆಯಲ್ಲಿ ತಣ್ಣಗೆ ಮಲಗುತ್ತದೆ, ಸಂಕ ಬೇಕಾಗಿದ್ದ ಮಳೆಗಾಲ ಆಗಲೇ ಹರಿದುಹೋಗಿರುತ್ತದೆ.

ಕೊನೆಗೊಂದು ದಿನ ಪ್ರಕರಣ ಅಂತಿಮ ವಿಚಾರಣೆಗೆ ಕೂಗಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮೂರು ವರ್ಷ ಮುಗಿದಿದೆ. ‘ಅರ್ಜಿ ನಿರರ್ಥಕವಾಗಿದೆ, ಸ್ವಾಮಿ’ ಎಂದು ಎರಡೂ ಕಡೆಯ ವಕೀಲರು ಒಂದೇ ದನಿಯಲ್ಲಿ ಹೇಳುತ್ತಾರೆ. ಇಡೀ ಮೊಕದ್ದಮೆಯಲ್ಲಿ ಅವರು ಒಪ್ಪಿದ ಮಾತು ಅದೊಂದೇ. ಆ ಮೂರು ವರ್ಷದಲ್ಲಿ ಅಧಿಕಾರವಿಲ್ಲದವರು ಹಾಕಿದ ಸಹಿಗಳ ಗತಿಯೇನು ಎಂಬ ಚಿಂತೆಯೂ ಬೇಡ. ನೇಮಕದಲ್ಲಿ ದೋಷವಿದ್ದರೂ ಹುದ್ದೆಯಲ್ಲಿ ಕೂತು ಮಾಡಿದ ಕೆಲಸ ಊರ್ಜಿತ ಎಂದು 1981ರ ಗೋಕರಾಜು ರಂಗರಾಜು ಪ್ರಕರಣದಲ್ಲಿ ತೀರ್ಮಾನವಾಗಿದೆ.

ಮುಂದಿನ ಸಭೆಯ ಕಾರ್ಯಸೂಚಿಯ ಮೊದಲ ವಿಷಯ, ಎಂದಿನಂತೆ, ‘ಹಿಂದಿನ ಸಭೆಯ ನಡವಳಿಗಳ ದೃಢೀಕರಣ’. ಹಿಂದಿನ ಸಭೆಯ ಅಧ್ಯಕ್ಷತೆ ವಹಿಸಿದ್ದವರು ಅಧ್ಯಕ್ಷರೇ ಅಲ್ಲ ಎಂದು ಈಗಿನ ಅಧ್ಯಕ್ಷರು ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಹನ್ನೊಂದು ಪುಟ ಬರೆದಿದ್ದಾರೆ. ಪೇಜು ತಿರುವುತ್ತಾರೆ. ನಾಲ್ಕನೇ ಪೇಜಿನಲ್ಲಿ ಗುತ್ತಿಗೆದಾರರ ಬಾಕಿ ಬಿಲ್ಲುಗಳಿಗೆ ಅನುಮೋದನೆ ಎಂದಿದೆ. ಕನ್ನಡಕ ಮೇಲಕ್ಕೆತ್ತಿ ಇನ್ನೊಮ್ಮೆ ಓದುತ್ತಾರೆ. ನಡವಳಿ ಸರ್ವಾನುಮತದಿಂದ ದೃಢೀಕರಣ.