ಎಲುಬು ನಮ್ಮಲ್ಲಿರಲಿ, ಕ್ಷಮಾಪಣೆ ನಿಮಗಿರಲಿ

ಗೋಡೆಯ ಮೇಲಿನ ಹೆಸರನ್ನು ಕಿತ್ತರೆ ಗೋಡೆಯ ಒಳಗಿನ ಪಾಪ ತಾನಾಗಿಯೇ ಕಳೆಯುತ್ತದೆ ಎಂಬ ಮಹಾಸತ್ಯವನ್ನು ಕಂಡುಕೊಂಡ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಮೊದಲು ಒಂದು ಉದ್ದಂಡ ನಮಸ್ಕಾರ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಬಗ್ಗೆ ಬರೆದು ಹೆಸರಾದ ಅಲ್ಲಿನದೇ ಮಾನವಶಾಸ್ತ್ರಜ್ಞ ಆಲ್‌ಫ್ರೆಡ್ ಕ್ರೋಬರ್ ಅವರ ಕೆಲಸದಿಂದ ಆ ಜನರಿಗೇ ನೋವಾಗಿದೆ ಎಂದು, 2021ರ ಜನವರಿಯಲ್ಲಿ ಅಲ್ಲಿನ ಮಾನವಶಾಸ್ತ್ರ ಕಟ್ಟಡದಿಂದ ಅವರ ಹೆಸರಿನ ಅಕ್ಷರಗಳನ್ನು ಕಳಚಿದ್ದು ಓದುಗರಿಗೆ ನೆನಪಿರಬಹುದು. ಈಗ ಅದನ್ನು ‘ಮಾನವಶಾಸ್ತ್ರ ಮತ್ತು ಕಲಾಭ್ಯಾಸ ಕಟ್ಟಡ’ ಎಂದು ಕರೆಯುತ್ತಾರೆ. ಯಾರ ಮನಸ್ಸನ್ನೂ ನೋಯಿಸದ, ಯಾರ ಮನಸ್ಸಿನಲ್ಲೂ ನಿಲ್ಲದ ಇಂಥ ಹೆಸರು ಸಮಿತಿಗಳಿಗೆ ಮಾತ್ರ ಹೊಳೆಯಲು ಸಾಧ್ಯ.

ಸತ್ತವರ ಹೆಸರನ್ನು ಕೀಳುವುದರಲ್ಲಿ ಬಹಳ ಅನುಕೂಲಗಳಿವೆ. ಒಂದು ಏಣಿ ಸಾಕು, ಅರ್ಧ ದಿನ ಸಾಕು, ಮತ್ತು ಕ್ರೋಬರ್ 1960ರಲ್ಲಿಯೇ ತೀರಿಕೊಂಡಿರುವುದರಿಂದ ಅವರ ಕಡೆಯಿಂದ ಆಕ್ಷೇಪಣೆಯೂ ಬರುವುದಿಲ್ಲ. ಆದರೆ ಅದೇ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ವಶದಲ್ಲಿರುವ ಮೂಲನಿವಾಸಿಗಳ ಅಸ್ಥಿಗಳನ್ನು ಅವರವರ ವಂಶಜರಿಗೆ ಹಿಂದಿರುಗಿಸುವುದು ಹಾಗಲ್ಲ. ಅದಕ್ಕೆ ಅಧ್ಯಯನ ಬೇಕು, ಸಮಾಲೋಚನೆ ಬೇಕು, ಉಪಸಮಿತಿ ಬೇಕು, ಉಪಸಮಿತಿಯ ವರದಿಯನ್ನು ಪರಿಶೀಲಿಸಲು ಇನ್ನೊಂದು ಸಮಿತಿ ಬೇಕು. ಅಸ್ಥಿಗಳನ್ನು ಹಿಂದಿರುಗಿಸಬೇಕೆಂಬ ಫೆಡರಲ್ ಕಾನೂನು ಬಂದದ್ದು 1990ರಲ್ಲಿ. ಮೂವತ್ತು ವರ್ಷಗಳ ನಂತರ, 2020ರಲ್ಲಿ, ರಾಜ್ಯದ ಲೆಕ್ಕ ಪರಿಶೋಧಕರು ಬಂದು ನೋಡಿದಾಗ ಲಾಸ್ ಏಂಜಲೀಸ್‌ನ ಸೋದರ ವಿಶ್ವವಿದ್ಯಾಲಯ ಬಹುತೇಕ ಎಲ್ಲವನ್ನೂ ಹಿಂದಿರುಗಿಸಿತ್ತು, ಬರ್ಕ್ಲಿ ಮಾತ್ರ ಶೇ 20ರ ಆಸುಪಾಸಿನಲ್ಲಿ ನಿಂತಿತ್ತು. 2023ರಲ್ಲಿ ಪತ್ರಕರ್ತರು ಲೆಕ್ಕ ಹಾಕಿದಾಗ ಅಲ್ಲಿ ಇನ್ನೂ ಸುಮಾರು 9,000 ಮಂದಿಯ ಅಸ್ಥಿಗಳಿದ್ದವು. ಅವುಗಳಲ್ಲಿ ಸಾಕಷ್ಟನ್ನು ದಶಕಗಳ ಕಾಲ ಎಲ್ಲಿಟ್ಟಿದ್ದರು ಗೊತ್ತೇ? ವಿಶ್ವವಿದ್ಯಾಲಯದ ವ್ಯಾಯಾಮಶಾಲೆಯ ಈಜುಕೊಳದ ಅಡಿಯ ನೆಲಮಾಳಿಗೆಯಲ್ಲಿ. ಮೇಲೆ ಯುವಕ ಯುವತಿಯರು ಈಜುತ್ತಿದ್ದರು, ಕೆಳಗೆ ಅದೇ ನೆಲದ ಹಿಂದಿನ ಒಡೆಯರು ಖಾನೆಗಳಲ್ಲಿ ಮಲಗಿದ್ದರು. ಇದನ್ನು ಬರೆಯುವಾಗ ನಾನು ಏನನ್ನೂ ಸೇರಿಸಿಲ್ಲ. ವಿಡಂಬನೆಕಾರನ ಹೊಟ್ಟೆಯ ಮೇಲೆ ಹೊಡೆಯುವ ಸಂಸ್ಥೆಗಳು ಹೀಗೂ ಇರುತ್ತವೆ.

ಹಿಂದಿರುಗಿಸಲು ಇದ್ದ ತೊಂದರೆ ಏನೆಂದರೆ, ಇವು ಯಾವ ಬುಡಕಟ್ಟಿನವರ ಅಸ್ಥಿಗಳೆಂದು ಸಾಂಸ್ಕೃತಿಕವಾಗಿ ಗುರುತಿಸಲು ಆಗುತ್ತಿಲ್ಲ ಎಂಬುದು. ಈ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ನಂಬಬಹುದಿತ್ತು. ಕ್ಯಾಲಿಫೋರ್ನಿಯಾದ ಯಾವ ಕಣಿವೆಯಲ್ಲಿ ಯಾವ ಬುಡಕಟ್ಟು, ಯಾವ ನದಿಯ ಈ ದಡದಲ್ಲಿ ಯಾವ ಭಾಷೆ, ಆ ದಡದಲ್ಲಿ ಯಾವುದು ಎಂದು ಗೆರೆ ಎಳೆದು ನಕ್ಷೆ ಬರೆದವರೇ ಇವರು. ಸುಮಾರು 90 ಭಾಷೆಗಳ ಗಡಿಗಳನ್ನು ತಪ್ಪಿಲ್ಲದೆ ಗುರುತಿಸಬಲ್ಲ ವಿದ್ವತ್ತು, ವಾರಸುದಾರರು ಬಾಗಿಲು ತಟ್ಟಿದ ಕೂಡಲೇ ಮಂಜುಗಣ್ಣಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಂಡೆಯಲ್ಲಿದ್ದ 400ಕ್ಕೂ ಹೆಚ್ಚು ಚಿಪ್ಪಿನ ದಿಬ್ಬಗಳಿಗೆ ಒಂದೊಂದಕ್ಕೂ ಸಂಖ್ಯೆ ಕೊಟ್ಟು 1909ರಷ್ಟು ಹಿಂದೆಯೇ ಪ್ರಕಟಿಸಿದವರು ಇದೇ ವಿಶ್ವವಿದ್ಯಾಲಯದವರು. ಆ ದಿಬ್ಬಗಳೆಂದರೆ ಸಾವಿರಾರು ವರ್ಷ ಜನ ಬಾಳಿ, ತಮ್ಮವರನ್ನು ಹೂತ ಜಾಗಗಳು. ಅವುಗಳಲ್ಲಿ ದೊಡ್ಡದೊಂದು ಬರ್ಕ್ಲಿಯ ಪಕ್ಕದ ಎಮರಿವಿಲ್‌ನಲ್ಲಿತ್ತು. ಈಗ ಆ ಜಾಗದಲ್ಲಿ ಬಟ್ಟೆ, ಬೂಟು ಮಾರುವ ಶಾಪಿಂಗ್ ಮಾಲ್ ಇದೆ. ಮುಂದಿನ ರಸ್ತೆಗೆ ‘ಚಿಪ್ಪುದಿಬ್ಬದ ರಸ್ತೆ’ ಎಂದೇ ಹೆಸರಿಟ್ಟಿದ್ದಾರೆ. ದಿಬ್ಬವನ್ನು ತೆಗೆದವರು ಹೆಸರನ್ನಾದರೂ ಉಳಿಸಿದರಲ್ಲ ಎಂದು ನಾವು ಕೃತಜ್ಞರಾಗಿರಬೇಕು.

ಕ್ರೋಬರ್ ಅವರ ಪರವಾಗಿ ವಕಾಲತ್ತು ವಹಿಸಲು ನಾನು ಹೊರಟಿಲ್ಲ. ಆದರೆ ಅವರೊಬ್ಬರ ತಲೆಗೆ ಎಲ್ಲವನ್ನೂ ಕಟ್ಟಿ ಸಂಸ್ಥೆ ಕೈ ತೊಳೆದುಕೊಳ್ಳುವುದನ್ನು ನೋಡಿದಾಗ ಇಶಿಯ ಕಥೆ ನೆನಪಾಗುತ್ತದೆ. 1911ರ ಆಗಸ್ಟ್‌ನಲ್ಲಿ ಓರೋವಿಲ್ ಎಂಬಲ್ಲಿ ಕಸಾಯಿಖಾನೆಯ ದೊಡ್ಡಿಯ ಬಳಿ ಹಸಿದು ನಿಂತಿದ್ದ ಯಾಹಿ ಕುಲದ ಈ ಮನುಷ್ಯನನ್ನು ಮೊದಲು ಜೈಲಿಗೆ ಹಾಕಿದರು, ಅಲ್ಲಿಂದ ಆಗ ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಇದೇ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಕರೆತಂದರು. ಅವನ ಜನರನ್ನೆಲ್ಲ ಬಿಳಿಯ ವಲಸಿಗರು ಬೇಟೆಯಾಡಿ ಮುಗಿಸಿದ್ದರು. ವಸ್ತುಸಂಗ್ರಹಾಲಯ ಅವನಿಗೆ ಇರಲು ಒಂದು ಕೋಣೆ ಕೊಟ್ಟಿತು, ಸಹಾಯಕ ಜಾಡಮಾಲಿಯ ಕೆಲಸ ಕೊಟ್ಟಿತು, ತಿಂಗಳಿಗೆ 25 ಡಾಲರ್ ಸಂಬಳ ಕೊಟ್ಟಿತು. ಭಾನುವಾರಗಳಂದು ಅವನು ಬಾಣದ ಮೊನೆ ಕೆತ್ತುವುದನ್ನೂ ಕಡ್ಡಿ ಮಥಿಸಿ ಬೆಂಕಿ ಹೊತ್ತಿಸುವುದನ್ನೂ ನೋಡಲು ಜನ ಮುಗಿಬೀಳುತ್ತಿದ್ದರು. ಒಬ್ಬನೇ ವ್ಯಕ್ತಿ ಪ್ರದರ್ಶನದ ವಸ್ತುವೂ ಹೌದು, ಪ್ರದರ್ಶನ ಮುಗಿದ ಮೇಲೆ ನೆಲ ಗುಡಿಸುವವನೂ ಹೌದು. ಸಿಬ್ಬಂದಿಯ ಇಂಥ ಮಿತವ್ಯಯವನ್ನು ನಮ್ಮ ಹಣಕಾಸು ಇಲಾಖೆಯೂ ಇನ್ನೂ ಸಾಧಿಸಿಲ್ಲ. ಇಶಿ ಎಂಬುದು ಕ್ರೋಬರ್ ಇಟ್ಟ ಹೆಸರು. ತನ್ನ ನಿಜವಾದ ಹೆಸರನ್ನು ಅವನು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ. ಆ ವಸ್ತುಸಂಗ್ರಹಾಲಯದ ದಾಖಲೆ ಪುಸ್ತಕಕ್ಕೆ ಅವನಿಂದ ಸಿಗದೆ ಹೋದದ್ದು ಅದೊಂದೇ.

ಉಳಿದದ್ದೆಲ್ಲ ಸಿಕ್ಕಿತು. 148 ಮೇಣದ ಉರುಳೆಗಳಲ್ಲಿ ಅವನ ಹಾಡು, ಕಥೆಗಳನ್ನು ತುಂಬಿಸಿಕೊಂಡರು. ಒಂದೊಂದು ಉರುಳೆಗೆ ಎರಡು ಮೂರು ನಿಮಿಷವಷ್ಟೇ ಹಿಡಿಯುತ್ತಿದ್ದುದರಿಂದ, ಕಥೆ ರಂಗೇರುವ ಹೊತ್ತಿಗೆ ನಿಲ್ಲಿಸಿ, ಉರುಳೆ ಬದಲಿಸಿ, ಮತ್ತೆ ಕೊಳವೆಯ ಬಾಯಿಗೆ ಮುಖವಿಟ್ಟು ಮುಂದುವರಿಸಬೇಕಿತ್ತು. 1915ರ ಬೇಸಿಗೆಯಲ್ಲಿ ಎಡ್ವರ್ಡ್ ಸಪೀರ್ ಎಂಬ ಮಹಾನ್ ಭಾಷಾಶಾಸ್ತ್ರಜ್ಞರು ಬಂದು ಅವನೊಡನೆ ವಾರಗಟ್ಟಲೆ ಕುಳಿತು ಕ್ರಿಯಾಪದಗಳನ್ನು ಬರೆದುಕೊಂಡರು. ಆಗ ಅವನಿಗೆ ಕ್ಷಯ ಹಿಡಿದಿತ್ತು. ಹಾಗೆ ದುಡಿಸಿಕೊಳ್ಳಲು ಬಿಟ್ಟೆವಲ್ಲ ಎಂದು ಅವನ ಸ್ನೇಹಿತರಾಗಿದ್ದ ವಾಟರ್‌ಮನ್ ಆಮೇಲೆ ತಮ್ಮನ್ನೇ ಹಳಿದುಕೊಂಡರು. 1916ರ ಮಾರ್ಚ್ 25ರಂದು ಇಶಿ ಸತ್ತ. ಆಗ ನ್ಯೂಯಾರ್ಕಿನಲ್ಲಿದ್ದ ಕ್ರೋಬರ್, ಅವನ ದೇಹವನ್ನು ಕೊಯ್ಯಕೂಡದು, ವಿಜ್ಞಾನದ ಹಿತದ ಮಾತೆತ್ತಿದರೆ ವಿಜ್ಞಾನ ಹಾಳಾಗಿ ಹೋಗಲಿ ಎಂದುಬಿಡಿ ಎಂಬರ್ಥದ ಪತ್ರವನ್ನು ಬರೆದರು. ಪತ್ರ ತಲುಪುವ ಹೊತ್ತಿಗೆ ಕೊಯ್ದಾಗಿತ್ತು, ಮೆದುಳನ್ನು ತೆಗೆದಾಗಿತ್ತು. ಇಲ್ಲಿಗೆ ನಿಂತಿದ್ದರೆ ಕ್ರೋಬರ್ ಅವರ ಬಗ್ಗೆ ಒಂದು ಉದಾತ್ತ ಕಥೆ ಉಳಿಯುತ್ತಿತ್ತು. ಆದರೆ ಅದೇ ಅಕ್ಟೋಬರ್‌ನಲ್ಲಿ ಅದೇ ಕ್ರೋಬರ್, ಇಲ್ಲಿ ಇದನ್ನು ಉಪಯೋಗಿಸುವವರು ಯಾರೂ ಇಲ್ಲ, ನಿಮಗೆ ಬೇಕಿದ್ದರೆ ಕಳಿಸುತ್ತೇನೆ ಎಂದು ಸ್ಮಿತ್‌ಸೋನಿಯನ್ ಸಂಸ್ಥೆಗೆ ಬರೆದರು. ಕಳಿಸಿಯೂ ಬಿಟ್ಟರು.

ಮುಂದಿನ ಎಂಬತ್ತಕ್ಕೂ ಹೆಚ್ಚು ವರ್ಷ ಆ ಮೆದುಳು ಎಲ್ಲಿದೆ ಎಂಬುದೇ ಲೋಕಕ್ಕೆ ಮರೆತುಹೋಗಿತ್ತು. ಇಶಿಯ ಚಿತಾಭಸ್ಮದೊಡನೆ ಅದನ್ನೂ ಸೇರಿಸಿ ಅವನ ನಾಡಿನಲ್ಲಿ ಮಣ್ಣು ಮಾಡಬೇಕೆಂದು 1990ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳು ಹಟ ಹಿಡಿದ ಮೇಲೆ ಹುಡುಕಾಟ ಶುರುವಾಯಿತು. ಕೊನೆಗೆ ಓರಿನ್ ಸ್ಟಾರ್ನ್ ಎಂಬ ಮಾನವಶಾಸ್ತ್ರಜ್ಞರಿಗೆ ಕ್ರೋಬರ್ ಅವರ ಆ ಪತ್ರವ್ಯವಹಾರ ಸಿಕ್ಕಿತು. ಸಿಕ್ಕಿದ್ದು ಯಾವುದೋ ಪಾಳು ಉಗ್ರಾಣದಲ್ಲಲ್ಲ, ಬರ್ಕ್ಲಿಯದೇ ಬ್ಯಾನ್‌ಕ್ರಾಫ್ಟ್ ಗ್ರಂಥಾಲಯದಲ್ಲಿ, ಅಚ್ಚುಕಟ್ಟಾಗಿ ಜೋಡಿಸಿಟ್ಟ ಕಡತದಲ್ಲಿ. 2000ದಲ್ಲಿ ಇಶಿ ಇಡಿಯಾಗಿ ಊರಿಗೆ ಹೋದ.

ಈ ಕಥೆಗೂ ನಮಗೂ ಏನು ನಂಟು ಎಂದು ಕೇಳುವವರಿದ್ದಾರೆ. ಇದೆ. ಇಶಿಯ ಎದುರು ಕುಳಿತು ಬರೆದುಕೊಂಡ ಅದೇ ಸಪೀರ್ ಮುಂದೆ ಯೇಲ್ ವಿಶ್ವವಿದ್ಯಾಲಯದಲ್ಲಿ ಎಮಿನೋ ಎಂಬ ಭಾಷಾಶಾಸ್ತ್ರಜ್ಞರಿಗೆ ಗುರುವಾದರು. ಎಮಿನೋ 1935ರಲ್ಲಿ ನೀಲಗಿರಿಗೆ ಬಂದು ತೊದವರ, ಕೋತರ ನುಡಿಗಳನ್ನು ಕಲಿತರು, ಕೊಡಗಿಗೂ ಬಂದು ಕೊಡವ ಭಾಷೆಯನ್ನು ಬರೆದುಕೊಂಡರು. ಒಂದು ತಲೆಮಾರಿನ ಹಿಂದೆ ಮದರಾಸು ವಸ್ತುಸಂಗ್ರಹಾಲಯದ ಥರ್ಸ್ಟನ್ ಸಾಹೇಬರು ಅದೇ ಗುಡ್ಡಗಳಿಗೆ ಮೂಗಿನ ಅಳತೆ ತೆಗೆಯುವ ಇಕ್ಕಳ ಹಿಡಿದುಕೊಂಡು ಹೋಗಿದ್ದರು. ಅವರಿಗೆ ಹೋಲಿಸಿದರೆ ಹಾಡು ಹೇಳಿ ಎಂದು ಕೇಳಿದ ಎಮಿನೋ ದೇವತಾಮನುಷ್ಯ. 1953ರಲ್ಲಿ ಬರ್ಕ್ಲಿಯ ಭಾಷಾಶಾಸ್ತ್ರ ವಿಭಾಗವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಕ್ಯಾಲಿಫೋರ್ನಿಯಾದ ಮೂಲನಿವಾಸಿ ಭಾಷೆಗಳ ಸಮೀಕ್ಷೆಯೂ ಆ ಕಾಲದಲ್ಲಿಯೇ ಅಲ್ಲಿ ಶುರುವಾಯಿತು. ಕನ್ನಡದ ಒಂದು ಪದಕ್ಕೆ ತುಳುವಿನಲ್ಲಿ, ಕೊಡವದಲ್ಲಿ, ತೊದ ನುಡಿಯಲ್ಲಿ ಬಂಧುಗಳು ಯಾರೆಂದು ನೋಡಲು ನಮ್ಮ ವಿದ್ವಾಂಸರು ಇಂದಿಗೂ ತಿರುವಿ ಹಾಕುವ ದ್ರಾವಿಡ ನಿಷ್ಪತ್ತಿ ಕೋಶದ ಇಬ್ಬರು ಕರ್ತೃಗಳಲ್ಲಿ ಒಬ್ಬರು ಅವರೇ. ಪದಗಳ ವಂಶಾವಳಿಯನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಹುಡುಕಿ ಕೊಡಬಲ್ಲ ವಿಶ್ವವಿದ್ಯಾಲಯಕ್ಕೆ ತನ್ನ ನೆಲಮಾಳಿಗೆಯಲ್ಲಿ ಇದ್ದವರ ವಂಶಾವಳಿ ಮಾತ್ರ ಸಿಗುತ್ತಿಲ್ಲ.

ಬರ್ಕ್ಲಿ ನಿಂತಿರುವ ನೆಲ ಓಲೋನಿ ಜನರದು. 1925ರ ತಮ್ಮ ಬೃಹದ್ಗ್ರಂಥದಲ್ಲಿ ಕ್ರೋಬರ್ ಈ ಗುಂಪು ವ್ಯಾವಹಾರಿಕವಾಗಿ ಅಳಿದುಹೋಗಿದೆ ಎಂದು ಬರೆದುಬಿಟ್ಟರು. ಎರಡೇ ವರ್ಷಕ್ಕೆ ಸರ್ಕಾರದ ಪಟ್ಟಿಯಿಂದಲೂ ಅವರ ಹೆಸರು ಬಿದ್ದುಹೋಯಿತು. ಅಂದಿನಿಂದ ಆ ಜನರ ಪಾಡು, ಪ್ರತಿ ನವೆಂಬರಿನಲ್ಲಿ ಖಜಾನೆಯ ಗುಮಾಸ್ತರ ಮುಂದೆ ಖುದ್ದು ನಿಂತು ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಬೇಕಾದ ಪಿಂಚಣಿದಾರನ ಪಾಡು. ಇವರ ಗುಮಾಸ್ತ ಮಾತ್ರ ತಲೆ ಎತ್ತಿ ನೋಡುವುದೇ ಇಲ್ಲ. 2022ರಲ್ಲಿ ಮುವೆಕ್ಮಾ ಓಲೋನಿ ಜನರ ವಂಶವಾಹಿಗೂ ಸುನೋಲ್ ಕಣಿವೆಯಲ್ಲಿ ಸಿಕ್ಕ ಸುಮಾರು 2,000 ವರ್ಷ ಹಿಂದಿನ ಅಸ್ಥಿಗಳಿಗೂ ನಂಟಿದೆ ಎಂದು ವಿಜ್ಞಾನಿಗಳೇ ಪ್ರಕಟಿಸಿದರು. ಅಜ್ಜಿ ತಾತಂದಿರು ಹೇಳಿದ್ದು ಸಾಲದೆಂದು ರಕ್ತಸಾಕ್ಷ್ಯ ತಂದರೂ ಫೆಡರಲ್ ಮಾನ್ಯತೆ ಬರಲಿಲ್ಲ.

ಅವರು ಸತ್ತಿದ್ದಾರೆಂದು ಬರೆದ ಕಾಲದಲ್ಲಿಯೇ, ಕ್ರೋಬರ್ ಅವರನ್ನು ಕಂಡರಾಗದ ಹ್ಯಾರಿಂಗ್ಟನ್ ಎಂಬ ವಿಚಿತ್ರ ಮನುಷ್ಯ ಅವರ ನಡುವೆ ಕುಳಿತು ಚೊಚೆನ್ಯೊ ಭಾಷೆಯನ್ನು ಬರೆದುಕೊಳ್ಳುತ್ತಿದ್ದರು ಎಂಬುದು ಈ ಇಡೀ ಪ್ರಕರಣದ ಬೊಂಬಾಟ್ ಭಾಗ. ಎದುರಿಗೆ ಕುಳಿತು ಪದ ಹೇಳಿಕೊಟ್ಟವರು ಹೋಸೆ ಗುಸ್ಮಾನ್, ಆಂಜೆಲಾ ಕೋಲೋಸ್ ಮುಂತಾದವರು, ಅಂದರೆ ಅಳಿದುಹೋದವರು. ಹ್ಯಾರಿಂಗ್ಟನ್ ಬಿಟ್ಟುಹೋದ ಕಾಗದ ಸುಮಾರು ಹತ್ತು ಲಕ್ಷ ಪುಟ. ಬೇರೆ ಪಂಡಿತರ ಕೈಗೆ ಸಿಗಬಾರದೆಂದು ಅಲ್ಲಲ್ಲಿ ಬಚ್ಚಿಟ್ಟಿದ್ದ ಪೆಟ್ಟಿಗೆಗಳು ಅವರು 1961ರಲ್ಲಿ ಸತ್ತ ಮೇಲೂ ಹೊರಬೀಳುತ್ತಲೇ ಇದ್ದವು. ಆ ಟಿಪ್ಪಣಿಗಳ ಗೀಚು ಬರಹವನ್ನು ಓದುವುದು ಕಲಿತು, ಅದರಿಂದ ಭಾಷೆಯನ್ನು ಬಾಯಿಗೆ ತಂದುಕೊಂಡವರಲ್ಲಿ ವಿನ್ಸೆಂಟ್ ಮೆಡಿನಾ ಒಬ್ಬರು. ಅವರೂ ಲೂಯಿಸ್ ಟ್ರೆವಿನೊ ಅವರೂ ಸೇರಿ 2022ರಲ್ಲಿ ಒಂದು ಓಲೋನಿ ಉಪಾಹಾರ ಗೃಹ ತೆರೆದರು. ಓಕ್ ಬೀಜದ ಗಂಜಿ, ಆ ಊಟದ ಹೆಸರುಗಳೆಲ್ಲ ಚೊಚೆನ್ಯೊದಲ್ಲಿ. ತೆರೆದದ್ದೆಲ್ಲಿ? ಅದೇ ಮಾನವಶಾಸ್ತ್ರ ವಸ್ತುಸಂಗ್ರಹಾಲಯದ ಅಂಗಳದಲ್ಲಿ.

ಭಾಷೆಯ ದಾಖಲೆಗಳ ವಿಷಯದಲ್ಲಿ ಬರ್ಕ್ಲಿಯನ್ನು ಹೊಗಳದೆ ಇರುವುದು ಅನ್ಯಾಯ, ಮತ್ತು ಈ ಹೊಗಳಿಕೆಯಲ್ಲಿ ವ್ಯಂಗ್ಯವಿಲ್ಲ. ಅದರ ಬಳಿ ಸುಮಾರು 2,700 ಮೇಣದ ಉರುಳೆಗಳಿವೆ. ಸೂಜಿ ತಾಗಿಸಿದಷ್ಟೂ ಮೇಣ ಸವೆಯುತ್ತದೆ ಎಂದು, ಗುಡ್ಡದ ಮೇಲಿನ ಪ್ರಯೋಗಾಲಯದ ಭೌತವಿಜ್ಞಾನಿಗಳು ಉರುಳೆಯನ್ನು ಮುಟ್ಟದೆ ಬೆಳಕಿನಿಂದ ಅದರ ಗೀರುಗಳನ್ನು ಅಳೆದು ದನಿಯನ್ನು ಮರಳಿ ತೆಗೆಯುವ ಉಪಾಯ ಮಾಡಿದರು. ಎರಡು ವರ್ಷಕ್ಕೊಮ್ಮೆ ಮೂಲನಿವಾಸಿಗಳನ್ನು ಕರೆಸಿ, ಅವರ ಮುತ್ತಜ್ಜಿಯರು ಹೇಳಿ ಬರೆಸಿದ ಪುಟಗಳನ್ನು ಅವರ ಕೈಗಿತ್ತು ಓದಲು ಕಲಿಸುವ ಶಿಬಿರವೂ 1996ರಿಂದ ಅಲ್ಲಿ ನಡೆದು ಬಂದಿದೆ. ಅಂದರೆ ಮನಸ್ಸಿದ್ದರೆ ಎಲ್ಲವೂ ಆಗುತ್ತದೆ. ನೂರು ವರ್ಷ ಹಳೆಯ ಮೇಣದ ಮೇಲೆ ಕೂದಲೆಳೆಗಿಂತ ಸಣ್ಣ ಗೀರನ್ನು ಓದಲು ಆಗುತ್ತದೆ. ಆಗದೆ ಇದ್ದದ್ದು ಒಂದೇ, ಖಾನೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಊರಿನ ಹೆಸರನ್ನು ಓದುವುದು.

2024ರ ಜನವರಿಯಿಂದ ಹೊಸ ನಿಯಮ ಬಂದಿದೆ. ಗುರುತು ಸಿಗುತ್ತಿಲ್ಲ ಎಂಬ ಆ ನೆಪದ ಪಟ್ಟಿಯನ್ನೇ ತೆಗೆದುಹಾಕಿ, ಎಲ್ಲ ಸಂಸ್ಥೆಗಳಿಗೂ ಪಟ್ಟಿ ಸರಿಪಡಿಸಲು ಐದು ವರ್ಷದ ಗಡುವು ಕೊಟ್ಟಿದ್ದಾರೆ. 1990ರ ಕಾನೂನು ಕೊಟ್ಟಿದ್ದ ಗಡುವೂ ಐದು ವರ್ಷದ್ದೇ. ನಗಲು ಹೋದರೆ ಈಗ ನಗು ಬರುತ್ತಿಲ್ಲ. ಪ್ರತಿ ಸಮಾರಂಭದ ಮೊದಲಿಗೂ ವೇದಿಕೆ ಹತ್ತಿ ಈ ನೆಲ ಓಲೋನಿ ಜನರದು ಎಂದು ಗದ್ಗದರಾಗಿ ಓದುವವರೇ, ಆ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಳ್ಳಿ. ನೆಲ ಅವರದೆಂದು ನಿಮಗೆ ಗೊತ್ತಿದೆ, ಆ ನೆಲದಿಂದಲೇ ಅಗೆದು ತಂದದ್ದೆಂದು ನಿಮ್ಮ ದಾಖಲೆ ಪುಸ್ತಕದಲ್ಲಿ ನೀವೇ ಬರೆದಿದ್ದೀರಿ, ಯಾರು ಅಗೆದರು, ಯಾವ ವರ್ಷ ಎಂಬುದೂ ಅಲ್ಲಿದೆ. ಆ ಊರಿನ ಜನ ನಿಮ್ಮ ಅಂಗಳದಲ್ಲಿಯೇ ನಿಮಗೆ ಊಟ ಬಡಿಸಿದ್ದಾರೆ. ಇನ್ನು ಯಾವ ಸಂಶೋಧನೆ ಬಾಕಿ ಇದೆ?