ಸೈಜ್ ನೋಡಿ ಬಾಕ್ಸರ್ ಆರಿಸುವವರ ಜೊತೆ ಒಂದು ಸಂಜೆ, ನಾಲ್ಕು ಪ್ಲೇಟ್ ಮಿರ್ಚಿ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಗುರ ಮಾಡಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರಲ್ಲ.

ಆಗಿದ್ದಿಷ್ಟು. ಮಾಮೂಲಿ ಮಂಡಕ್ಕಿ ಅಂಗಡಿ, ಮಾಮೂಲಿ ಬೆಂಚು. ನಾನು, ನಮ್ಮ ಭಾವ, ಅಕ್ಕನ ಮಗ. ಅಕ್ಕನ ಮಗನ ವಿಷಯ ನಿಮಗೆ ಗೊತ್ತೇ ಇದೆ. ಎಂಟು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದಾನೆ. ಈಗ ಮಿರ್ಚಿ ಮೇಲಿನ ಹಿಟ್ಟು ಬಿಡಿಸಿಟ್ಟು ಒಳಗಿನ ಮೆಣಸಿನಕಾಯಿ ಮಾತ್ರ ತಿನ್ನುತ್ತಾನೆ. ದಾವಣಗೆರೆಯಲ್ಲಿ ಹುಟ್ಟಿ ಹೀಗೆ ಮಾಡುವವರನ್ನು ಏನು ಮಾಡಬೇಕೋ ನನಗಂತೂ ಗೊತ್ತಿಲ್ಲ.

ಅವನು ಫೋನ್ ತೆಗೆದು ಒಂದು ವಿಡಿಯೊ ತೋರಿಸಿದ. ಕಂಪ್ಯೂಟರ್ ಗೇಮ್‌ನಲ್ಲಿ ಮಾಡಿದ ಫೈಟ್. ಒಂದು ಕಡೆ ಅಮೆರಿಕದ ಹಳೇ ಚಾಂಪಿಯನ್ ಮೈಕ್ ಟೈಸನ್, ಇನ್ನೊಂದು ಕಡೆ ಇಂಗ್ಲೆಂಡಿನ ಹೆವಿವೇಟ್ ಬಾಕ್ಸರ್ ಟೈಸನ್ ಫ್ಯೂರಿ. "ಮಾಮ, ಫ್ಯೂರಿ ಎಲ್ಲಾರ್ನೂ ಹೊಡೀತಾನೆ. ಹೈಟ್ ನೋಡು, ಆರಡಿ ಒಂಬತ್ತು ಇಂಚು. ಅವನ ಮುಂದೆ ಯಾರು ನಿಲ್ತಾರೆ?"

"ನಿಂತಿದಾನಲ್ಲೋ ಒಬ್ಬ, ಉಕ್ರೇನಿನವ. ಒಂದಲ್ಲ, ಎರಡು ಸಲ."

"ಯಾರು, ಉಸಿಕ್ಕಾ? ಬಿಡು ಮಾಮ. ಫ್ಯೂರಿ ಸೀರಿಯಸ್ಸಾಗಿ ಆಡಿರ್ಲಿಲ್ಲ."

ಅಷ್ಟರಲ್ಲಿ ಭಾವ ಬಾಯಿ ಹಾಕಿದರು. "ಇಬ್ರೂ ಬ್ಯಾಡ. ಮೈಕ್ ಟೈಸನ್ ವಯಸ್ಸಲ್ಲಿದ್ದಿದ್ರೆ ಇವರ್ನೆಲ್ಲ ಸಾಲಾಗಿ ನಿಲ್ಲಿಸಿ ಹೊಡೀತಿದ್ದ."

ಇದ್ದಿದ್ರೆ. ಆಡಿದ್ರೆ. ಮಾಡಿದ್ರೆ. ಈ 'ದ್ರೆ'ಗಳ ಮೇಲೆ ನಮ್ಮೂರಲ್ಲಿ ಎಷ್ಟು ಕಪ್ ಚಹಾ ಖರ್ಚಾಗಿದೆಯೋ. ಕಣ್ಣೆದುರು ನಡೆದು ಮುಗಿದಿರುವ ಫೈಟ್ ಬಿಟ್ಟು, ನಡೆಯದೇ ಇರುವ ಫೈಟ್‌ಗೆ ಜಗಳ ಆಡುತ್ತೇವೆ. ಅದರಲ್ಲೂ ಎಲ್ಲರ ಲೆಕ್ಕವೂ ಒಂದೇ. ಸೈಜ್. ಯಾರು ಉದ್ದ, ಯಾರು ದಪ್ಪ, ಯಾರ ತೋಳು ಎಷ್ಟು ಇಂಚು. ಇವರು ಬಾಕ್ಸರ್ ಆರಿಸುತ್ತಿದ್ದಾರಾ, ಸಂತೆಯಲ್ಲಿ ಎತ್ತು ಆರಿಸುತ್ತಿದ್ದಾರಾ? ಎತ್ತು ಆರಿಸುವವನೂ ಒಂದು ಸಲ ನಡೆಸಿ ನೋಡುತ್ತಾನೆ ಸ್ವಾಮಿ.

ಸರಿ, ಸೈಜ್ ಲೆಕ್ಕಾನೇ ಹಾಕೋಣ.

2024ರ ಮೇ 18, ರಿಯಾದ್. ಫ್ಯೂರಿ ತೂಕ 262 ಪೌಂಡ್, ಅಂದರೆ ಸುಮಾರು 119 ಕೆಜಿ. ಉಸಿಕ್ ಅವನಿಗಿಂತ ಆರು ಇಂಚು ಗಿಡ್ಡ, ತೂಕದಲ್ಲೂ ತುಂಬಾ ಕಡಿಮೆ. ಉಸಿಕ್ ಗೆದ್ದ. ಆದರೆ ತೀರ್ಪುಗಾರರು ಒಮ್ಮತದಲ್ಲಿ ಇರಲಿಲ್ಲ. ಇಬ್ಬರು ಉಸಿಕ್ ಕಡೆ, ಒಬ್ಬರು ಫ್ಯೂರಿ ಕಡೆ. "ಮೋಸ, ಮೋಸ" ಅಂತ ಕೂಗಾಯ್ತು. ಏಳು ತಿಂಗಳು ಬಿಟ್ಟು ಡಿಸೆಂಬರ್ 21ಕ್ಕೆ ಅದೇ ಊರಲ್ಲಿ ಮತ್ತೆ ಫೈಟ್. ಈ ಸಲ ಫ್ಯೂರಿ 281 ಪೌಂಡ್, 127 ಕೆಜಿ ಆಗಿ ಬಂದ. ಉಸಿಕ್ 226 ಪೌಂಡ್. ನಡುವೆ ಇಪ್ಪತ್ತೈದು ಕೆಜಿ, ಅಂದರೆ ಒಂದು ಅಕ್ಕಿ ಚೀಲದ ವ್ಯತ್ಯಾಸ. ಫಲಿತಾಂಶ? ಮೂರೂ ತೀರ್ಪುಗಾರರು 116-112 ಉಸಿಕ್‌ಗೆ ಕೊಟ್ಟರು. ಸೈಜ್ ಜಾಸ್ತಿ ಮಾಡಿಕೊಂಡು ಬಂದ, ಸೋಲೂ ಜಾಸ್ತಿ ಆಯ್ತು. ಇನ್ನೇನು ಬೇಕು ನಿಮಗೆ?

ಇದನ್ನೇ ನಿನ್ನೆ ಹೇಳಿದೆ. ಅಳಿಯ ಫೋನ್ ನೋಡುತ್ತಾ ಕೂತ. ಭಾವ ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು.

ಈಗ ಒಂದು ತಪ್ಪೊಪ್ಪಿಗೆ. 2024ರ ಮೇ ತಿಂಗಳಲ್ಲಿ ಇದೇ ಗೋಡೆ ಮೇಲೆ "ಫ್ಯೂರಿ ಎಂಟನೇ ಸುತ್ತಿನೊಳಗೆ ಮುಗಿಸುತ್ತಾನೆ" ಅಂತ ಬರೆದವನು ನಾನೇ. ಆ ಪೋಸ್ಟ್ ಈಗಿಲ್ಲ, ಹುಡುಕಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡಿರುವ ಇಬ್ಬರು ಯಾರು ಅಂತಲೂ ನನಗೆ ಗೊತ್ತು. ಎಂಟು ಜನಕ್ಕೆ ಬೆಣ್ಣೆ ದೋಸೆ ಕೊಡಿಸಿ ಆ ಸಾಲ ತೀರಿಸಿದ್ದೇನೆ. ಎಂಟು ಜನ ಅಂದರೆ ಎಂಟು ದೋಸೆ ಅಲ್ಲ ಅನ್ನೋದು ನಮ್ಮೂರವರಿಗೆ ಹೇಳಬೇಕಾಗಿಲ್ಲ.

ಆ ಫೈಟ್ ನಾನು ನೋಡಿದ್ದು ಭಾನುವಾರ ಬೆಳಗಿನ ಜಾವ, ಮನೆಯವರಿಗೆ ಎಚ್ಚರ ಆಗಬಾರದು ಅಂತ ಹಿತ್ತಲ ಮೆಟ್ಟಿಲ ಮೇಲೆ ಕೂತು. ನಾಲ್ಕನೇ ಸುತ್ತಿನಿಂದ ಏಳರವರೆಗೆ ನಾನು ಹೇಳಿದ ಹಾಗೇ ನಡೆಯುತ್ತಿತ್ತು. ಫ್ಯೂರಿ ಕೆಳಗಿನಿಂದ ಮೇಲಕ್ಕೆ ಗುದ್ದುತ್ತಿದ್ದ, ಕೈ ಹಿಂದೆ ಕಟ್ಟಿ ಆಟ ಆಡಿಸುತ್ತಿದ್ದ, ನಾಲಿಗೆ ಚಾಚುತ್ತಿದ್ದ. ನಾನು ಕೂತಲ್ಲೇ ಕುಣಿಯುತ್ತಿದ್ದೆ. ಎಂಟರಲ್ಲಿ ಏನೋ ತಿರುಗಿತು. ಒಂಬತ್ತರಲ್ಲಿ ಉಸಿಕ್‌ನ ಎಡಗೈ ಬಿತ್ತು. ಅಷ್ಟು ದೊಡ್ಡ ಆಳು ಈ ಮೂಲೆ ಹಗ್ಗದಿಂದ ಆ ಮೂಲೆ ಹಗ್ಗಕ್ಕೆ ತೂರಾಡಿಕೊಂಡು ಹೋದ. ಹಗ್ಗ ಇಲ್ಲದಿದ್ದರೆ ಮೊದಲ ಸಾಲಿನವರ ತೊಡೆ ಮೇಲೆ ಬೀಳುತ್ತಿದ್ದ. ರೆಫರಿ ನಡುವೆ ಬಂದು ಎಣಿಸಿದರು, ಗಂಟೆ ಹೊಡೆಯಿತು. ಆ ಎಣಿಕೆಗೆ ಫ್ಯೂರಿ ಒಂದು ಪಾಯಿಂಟ್ ಕಳೆದುಕೊಳ್ಳದಿದ್ದರೆ ಫೈಟ್ ಡ್ರಾ ಆಗುತ್ತಿತ್ತು.

ಆಗ ನಾನು ನೋಡಬೇಕಾದ್ದನ್ನು ನೋಡಿರಲಿಲ್ಲ. ಮಧ್ಯಾಹ್ನ ಮತ್ತೆ ಹಾಕಿ ನೋಡಿದೆ. ಈ ಸಲ ಕಾಲು ನೋಡಿದೆ.

ಗರಡಿಯಲ್ಲಿ ನಮ್ಮ ಉಸ್ತಾದರು ಹೇಳುತ್ತಿದ್ದುದು ಒಂದೇ ಮಾತು: "ಮಾರಿ ನೋಡಬ್ಯಾಡಲೇ, ಕಾಲು ನೋಡು." ಬಲಗೈ ಬಾಕ್ಸರ್ ಎಡಗಾಲು ಮುಂದಿಟ್ಟು ನಿಲ್ಲುತ್ತಾನೆ. ಉಸಿಕ್ ಎಡಚ, ಅವನ ಬಲಗಾಲು ಮುಂದೆ. ಹಾಗಾಗಿ ಇಬ್ಬರ ಮುಂದಿನ ಕಾಲೂ ಎದುರಾಬದುರು ಬರುತ್ತವೆ. ಯಾರ ಕಾಲು ಹೊರಗಡೆ ಇರುತ್ತದೋ ಅವನ ಹಿಂದಿನ ಕೈಗೆ ನೇರ ದಾರಿ. ಉಸಿಕ್ ಮೂವತ್ತಾರು ನಿಮಿಷ ಇದೊಂದೇ ಕೆಲಸ ಮಾಡುತ್ತಿದ್ದ. ಸಣ್ಣ ಹೆಜ್ಜೆ, ಮತ್ತೆ ಸಣ್ಣ ಹೆಜ್ಜೆ, ಕಾಲು ಹೊರಗೆ. ನಡುವೆ ಹೊಟ್ಟೆಗೆ ಒಂದು. ನೋಡೋಕೆ ಏನೂ ಇಲ್ಲ, ರೀಲ್ಸ್‌ನಲ್ಲಿ ಹಾಕಿದರೆ ಮೂರು ಲೈಕ್ ಬರಲ್ಲ. ಎಂಟನೇ ಸುತ್ತಿನ ಹೊತ್ತಿಗೆ ದೊಡ್ಡ ಮೈ ಹೊತ್ತು ತಿರುಗಿದವನ ಕಾಲು ಸೋತಿತ್ತು. ಆ ಎಡಗೈ ಗುದ್ದು ಎಲ್ಲಿಂದಲೋ ಬಂದದ್ದಲ್ಲ, ಮೊದಲ ಸುತ್ತಿನಿಂದ ಕಟ್ಟಿಕೊಂಡು ಬಂದದ್ದು.

ಯಾರೋ ಒಬ್ಬರು ಬಂದು "ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು" ಅಂತ ಕಾಮೆಂಟ್ ಹಾಕುತ್ತೀರಿ ಅಂತ ಗೊತ್ತು. ಹಾಕಬೇಡಿ. ಮೂರ್ತಿಯೇನೂ ಚಿಕ್ಕದಲ್ಲ. ಆರಡಿ ಮೂರಿಂಚು, ನೂರು ಕೆಜಿ ಮೇಲೆ. ಹಳೇ ಪೇಟೆಯ ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ತಲೆ ಬಗ್ಗಿಸಲೇಬೇಕು. ಮುಹಮ್ಮದ್ ಅಲಿಯ ಎತ್ತರವೂ ಇಷ್ಟೇ. ಹೆವಿವೇಟ್‌ನಲ್ಲಿ ತೂಕಕ್ಕೆ ಮೇಲಿನ ಮಿತಿ ಇಲ್ಲದ್ದರಿಂದ ಇಂಥವನೂ ಸಣ್ಣವನ ಹಾಗೆ ಕಾಣುತ್ತಾನೆ, ಅಷ್ಟೇ.

ಭಾವನ ಟೈಸನ್ ವಿಷಯಕ್ಕೆ ಬರುತ್ತೇನೆ. ಭಾವ, ನೀವು ಇದನ್ನು ಓದುತ್ತೀರಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಟೈಸನ್ ಎತ್ತರ ಎಷ್ಟು ಗೊತ್ತಾ? ಐದಡಿ ಹತ್ತಿಂಚು. 1986ರ ನವೆಂಬರ್‌ನಲ್ಲಿ ಟ್ರೆವರ್ ಬರ್ಬಿಕ್‌ನನ್ನು ಹೊಡೆದು ಇಪ್ಪತ್ತನೇ ವಯಸ್ಸಿಗೇ ಚಾಂಪಿಯನ್ ಆದ. ಅವನು ಹೊಡೆದವರಲ್ಲಿ ಮುಕ್ಕಾಲು ಪಾಲು ಅವನಿಗಿಂತ ಉದ್ದ. ಅಂದರೆ ಸೈಜ್ ಲೆಕ್ಕಕ್ಕಿಲ್ಲ ಅಂತ ಮೊದಲು ಹೇಳಬೇಕಾದವರೇ ಟೈಸನ್ ಅಭಿಮಾನಿಗಳು! ಇನ್ನು 1990ರ ಫೆಬ್ರವರಿ 11, ಟೋಕಿಯೊ. ಬಸ್ಟರ್ ಡಗ್ಲಸ್ ಎದ್ದು ನಿಂತು ದೂರದಿಂದ ಜಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಹಾಕುತ್ತಾ ಹೋದ, ಹತ್ತನೇ ಸುತ್ತಿನಲ್ಲಿ ಟೈಸನ್ ನೆಲದ ಮೇಲೆ ಬಾಯಿಗವಸು ಹುಡುಕುತ್ತಿದ್ದ. ಹೆದರದೆ, ಹಿಂದೆ ಸರಿಯದೆ, ಹೆಜ್ಜೆ ತಪ್ಪದೆ ನಿಲ್ಲುವವನು ಸಿಕ್ಕರೆ ಟೈಸನ್‌ಗೆ ಕಷ್ಟ. ಉಸಿಕ್ ಅಂಥವನೇ. ಮೊದಲ ಮೂರು ಸುತ್ತು ದೇವರೇ ಕಾಪಾಡಬೇಕು, ಒಪ್ಪಿದೆ. ಆಮೇಲೆ? (2024ರಲ್ಲಿ 58ರ ಟೈಸನ್ ಯೂಟ್ಯೂಬ್ ಹುಡುಗ ಜೇಕ್ ಪಾಲ್ ಎದುರು ಎಂಟು ಸುತ್ತು ಕಾಲೆಳೆದದ್ದನ್ನು ನಾನು ಎತ್ತುವುದಿಲ್ಲ. ಅವತ್ತು ಭಾವ ಎರಡು ದಿನ ಸರಿಯಾಗಿ ಮಾತಾಡಿರಲಿಲ್ಲ.)

ನೋಡಿ, ನಾನೂ ಸುಮ್ನೆ 'ದ್ರೆ' ಆಟಕ್ಕೆ ಬಿದ್ದೆ. ಬಿಡಿ.

ನನಗೆ ಉಸಿಕ್ ಇಷ್ಟ ಆಗುವುದಕ್ಕೆ ಇನ್ನೊಂದು ಕಾರಣ ಇದೆ. ಇದು ಕುಸ್ತಿ ಆಡಿದವರಿಗೆ ಬೇಗ ಅರ್ಥ ಆಗುತ್ತದೆ. ಪರ ಊರಿನ ಜಾತ್ರೆಗೆ ಹೋಗಿ ಆ ಊರಿನ ಪೈಲ್ವಾನನನ್ನು ಚಿತ್ ಮಾಡಿ ನೋಡಿ ಒಂದು ಸಲ. ಅವರ ಹುಡುಗ ಮೇಲಿದ್ದಾಗ ಹಲಗೆ ಸದ್ದಿಗೆ ಕಿವಿ ಹರಿಯುತ್ತದೆ. ನೀವು ಮೇಲೆ ಬಂದ ತಕ್ಷಣ ಹಲಗೆಯವನಿಗೆ ಕೈ ನೋವು. ಬೆನ್ನು ಪೂರ್ತಿ ಮಣ್ಣಾಗಿದ್ದರೂ "ಭುಜ ತಾಗಿಲ್ಲ, ತಾಗಿಲ್ಲ" ಅಂತ ಹಿರಿಯರು ಎದ್ದು ನಿಲ್ಲುತ್ತಾರೆ. ಅಂಥ ಕಡೆ ಗೆಲ್ಲಬೇಕಾದರೆ ಯಾರೂ ಬಾಯಿ ತೆರೆಯದ ಹಾಗೆ ಗೆಲ್ಲಬೇಕು.

ಉಸಿಕ್ ಮಾಡಿದ್ದೆಲ್ಲ ಅದೇ. ಹೆವಿವೇಟ್‌ಗೆ ಬರುವ ಮೊದಲು, ಅದಕ್ಕಿಂತ ಕೆಳಗಿನ ತೂಕದ ಕ್ರೂಸರ್‌ವೇಟ್‌ನಲ್ಲಿದ್ದಾಗ ಗ್ಲೊವಾಟ್‌ಸ್ಕಿಯನ್ನು ಪೋಲೆಂಡ್‌ನಲ್ಲೇ ಸೋಲಿಸಿದ. ಜರ್ಮನಿಯ ಮಾರ್ಕೊ ಹುಕ್‌ನನ್ನು ಬರ್ಲಿನ್‌ನಲ್ಲಿ, ಬ್ರೀಡಿಸ್‌ನನ್ನು ಅವನ ರೀಗಾದಲ್ಲಿ. 2018ರ ಜುಲೈನಲ್ಲಿ ರಷ್ಯಾದ ಗಾಸಿಯೆವ್‌ನನ್ನು ಮಾಸ್ಕೊದಲ್ಲಿ. ಕ್ರಿಮಿಯಾದಲ್ಲಿ ಹುಟ್ಟಿದ ಉಕ್ರೇನಿನವನು ಮಾಸ್ಕೊಗೆ ಹೋಗಿ, ಆ ತೂಕದ ನಾಲ್ಕೂ ಚಾಂಪಿಯನ್ ಬೆಲ್ಟ್ ಕಟ್ಟಿಕೊಂಡು ವಾಪಸ್ ಬಂದ. ಆಮೇಲೆ ಇಂಗ್ಲೆಂಡಿನ ಇಬ್ಬರು: 2021ರಲ್ಲಿ ಆಂಥೊನಿ ಜೋಶುವಾನನ್ನು ಲಂಡನ್‌ನಲ್ಲಿ, 2025ರ ಜುಲೈನಲ್ಲಿ ಡೇನಿಯಲ್ ಡುಬ್ವಾನನ್ನು ಅದೇ ಊರಿನ ವೆಂಬ್ಲಿ ಸ್ಟೇಡಿಯಂನಲ್ಲಿ. ಡುಬ್ವಾನಿಗೆ ಐದನೇ ಸುತ್ತಿನಲ್ಲಿ ಬಿದ್ದ ಆ ಎಡಗೈ ಹುಕ್‌ಗೆ ಉಸಿಕ್ ಇವಾನ್ ಅಂತ ಹೆಸರಿಟ್ಟಿದ್ದಾನೆ. ಗುದ್ದಿಗೆ ನಾಮಕರಣ! ಪಾಪ, ಡುಬ್ವಾ ಏನೂ ಸಣ್ಣ ಆಳಲ್ಲ. ಹತ್ತು ತಿಂಗಳ ಹಿಂದೆ ಅದೇ ವೆಂಬ್ಲಿಯಲ್ಲಿ ಜೋಶುವಾನನ್ನು ಮಲಗಿಸಿದವನು.

ಇಲ್ಲಿ ಅಳಿಯ ಒಂದು ಪಾಯಿಂಟ್ ಹಾಕಿದ, ನ್ಯಾಯವಾಗಿ ಅದನ್ನೂ ಬರೆಯುತ್ತೇನೆ. 2023ರಲ್ಲಿ ಪೋಲೆಂಡ್‌ನ ವ್ರೊಟ್ಸ್ವಾಫ್‌ನಲ್ಲಿ ಇದೇ ಡುಬ್ವಾ ಐದನೇ ಸುತ್ತಿನಲ್ಲಿ ಒಂದು ಗುದ್ದು ಕೊಟ್ಟ, ಉಸಿಕ್ ಬಿದ್ದ. ಸೊಂಟದ ಕೆಳಗೆ ಬಿತ್ತು ಅಂತ ರೆಫರಿ ಸುಧಾರಿಸಿಕೊಳ್ಳಲು ಸಮಯ ಕೊಟ್ಟರು, ನಾಲ್ಕು ನಿಮಿಷದ ಹತ್ತಿರ. "ಅದು ಬೆಲ್ಟ್ ಮೇಲೇ ಬಿದ್ದಿತ್ತು ಮಾಮ, ಅಲ್ಲೇ ಮುಗ್ದಿತ್ತು ಅವನ ಕಥೆ." ಇರಬಹುದಪ್ಪ. ನಿಲ್ಲಿಸಿ, ಹಿಂದೆ ಮುಂದೆ ಮಾಡಿ ಹತ್ತು ಸಲ ನೋಡಿದ್ದೇನೆ, ಗೆರೆ ಮೇಲಿದೆ. ಆದರೆ ಒಂಬತ್ತನೇ ಸುತ್ತಿನಲ್ಲಿ ಡುಬ್ವಾ ಮಂಡಿಯೂರಿ ಎಣಿಕೆ ಕೇಳುತ್ತಾ ಕೂತನಲ್ಲ, ಅದಕ್ಕೆ ಯಾವ ರೆಫರಿ ಕಾರಣ? ಎರಡು ವರ್ಷ ಬಿಟ್ಟು ವೆಂಬ್ಲಿಯಲ್ಲಿ ಆದದ್ದಕ್ಕೆ ಯಾರು ಕಾರಣ? ಆ ಮಾತು ಎತ್ತಿದರೆ ಹುಡುಗ ಹಿಟ್ಟು ಬಿಡಿಸಲು ಶುರು ಮಾಡುತ್ತಾನೆ.

ಸೈಜ್ ಮೇಲೆ ನನಗೆ ಯಾಕಿಷ್ಟು ಸಿಟ್ಟು ಅಂತ ಮನೆಯವರು ರಾತ್ರಿ ಕೇಳಿದರು. ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನನಗೆ ಹತ್ತೊಂಬತ್ತು. ದುಗ್ಗಮ್ಮನ ಜಾತ್ರೆ ಕುಸ್ತಿ ನೋಡುತ್ತಾ ಬೆಳೆದವನು, ನಾನೇ ಪೈಲ್ವಾನ ಅನ್ನೋ ಗತ್ತು. ಚಿತ್ರದುರ್ಗದ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಜೋಡಿ ಹಾಕಿದರು. ಎದುರಿಗೆ ಬಂದವನು ನನಗಿಂತ ಏನಿಲ್ಲವೆಂದರೂ ಎಂಟು ಹತ್ತು ಕೆಜಿ ಕಡಿಮೆ, ಪಕ್ಕೆಲುಬು ಎಣಿಸಬಹುದಿತ್ತು. ಕೈ ಮಿಲಾಯಿಸುವಾಗ ನಾನು ನಮ್ಮೂರ ಹುಡುಗರ ಕಡೆ ತಿರುಗಿ ನಕ್ಕೆ. ಆ ನಗು ಮುಖದಲ್ಲಿ ಇರುವಾಗಲೇ ಅವನು ಒಳಗೆ ಕಾಲು ಹಾಕಿದ್ದ. ಮುಂದಿನ ನೆನಪು ಆಕಾಶ. ಆಮೇಲೆ ಬಾಯಲ್ಲಿ ಕೆಮ್ಮಣ್ಣು, ಅದರ ಜೊತೆ ಎಣ್ಣೆ ಅರಿಶಿನದ ರುಚಿ. ಉಸ್ತಾದರು ವಾಪಸ್ ಬರುವಾಗ ಬಸ್ಸಲ್ಲಿ ಒಂದು ಮಾತೂ ಆಡಲಿಲ್ಲ. ಭರಮಸಾಗರ ದಾಟಿದ ಮೇಲೆ ಒಂದು ಬಾಳೆಹಣ್ಣು ಕೊಟ್ಟರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಹಾಗಾಗಿ ಅಳಿಯ "ಹೈಟ್ ನೋಡು ಮಾಮ" ಅಂದಾಗ ನನಗೆ ಫ್ಯೂರಿ ಕಾಣುವುದಿಲ್ಲ, ಆ ಪಕ್ಕೆಲುಬಿನ ಹುಡುಗ ಕಾಣುತ್ತಾನೆ.

ಉಸಿಕ್‌ನನ್ನು ಯಾರೂ ಹೊಡೆಯಲ್ಲವಾ ಹಾಗಾದರೆ? ಹೊಡೆಯುತ್ತಾರೆ. 1987ರಲ್ಲಿ ಹುಟ್ಟಿದವನು, ನಲವತ್ತು ಹತ್ತಿರ ಬರುತ್ತಿದೆ. ಅಲಿಯಂಥ ಅಲಿಯೇ 1980ರಲ್ಲಿ ಲ್ಯಾರಿ ಹೋಮ್ಸ್ ಎದುರು ಸ್ಟೂಲ್ ಮೇಲಿಂದ ಏಳಲಾಗದೆ ಕೂತ. ಮೊಸೆಸ್ ಇಟೌಮಾ ಅಂತ 2004ರಲ್ಲಿ ಹುಟ್ಟಿದ ಹುಡುಗ ಇದ್ದಾನೆ, ಅವನೂ ಎಡಚ, ಡಿಲಿಯನ್ ವೈಟ್‌ನನ್ನು ಒಂದೇ ಸುತ್ತಿನಲ್ಲಿ ಮುಗಿಸಿದ. ಅವನನ್ನು ನೋಡಿದರೆ ನನಗೆ ಸ್ವಲ್ಪ ಭಯ. ಆದರೆ ಅವನು ಗೆದ್ದರೂ ಕಾಲಿನಿಂದಲೇ ಗೆಲ್ಲುತ್ತಾನೆ, ಅಳತೆ ಟೇಪಿನಿಂದ ಅಲ್ಲ. ಅವತ್ತೂ ನಮ್ಮ ಹುಡುಗ ಬಂದು ಅವನ ಭುಜದ ಅಗಲ ಹೇಳುತ್ತಾನೆ, ಬರೆದಿಟ್ಟುಕೊಳ್ಳಿ.

ಈಗ ತುರ್ತಾಗಿ ಇನ್ನೊಂದು ವಿಷಯ. ನಿನ್ನೆ ನಾಲ್ಕು ಪ್ಲೇಟ್ ಮಿರ್ಚಿ, ಮೂರು ಮಂಡಕ್ಕಿ, ಆರು ಚಹಾ ಆಗಿತ್ತು. ಜಗಳದ ಗಡಿಬಿಡಿಯಲ್ಲಿ ಎದ್ದು ಬಂದೆವು. ನಾನು ಭಾವ ಕೊಟ್ಟರು ಅಂದುಕೊಂಡಿದ್ದೆ, ಭಾವ ಅಳಿಯ ಫೋನಿಂದ ಹಾಕಿದ ಅಂದುಕೊಂಡಿದ್ದಾರೆ. ಅಳಿಯನಿಗೆ ಫೋನ್ ಮಾಡಿದರೆ "ನಾನು ತಿಂದಿದ್ದು ಬರೀ ಮೆಣಸಿನಕಾಯಿ ಮಾಮ" ಅನ್ನುತ್ತಿದ್ದಾನೆ. ಅಂಗಡಿಯವರೇ, ಇದನ್ನು ಓದಿದರೆ ಬೇಜಾರಾಗಬೇಡಿ. ಸಂಜೆ ಆರೂವರೆಗೆ ಬಂದು ಕೊಡುತ್ತೇನೆ.