‘ಏನೂ ಸಿಗಲಿಲ್ಲ’ ಎನ್ನುವ ವರದಿ

ಪುರಾತತ್ವ ಸಮೀಕ್ಷೆಯ ವರದಿಯಲ್ಲಿ ‘ಏನೂ ಸಿಗಲಿಲ್ಲ’ ಎಂದು ಓದಿದರೆ ಈಗ ನನಗೆ ಸಿಟ್ಟೇ ಬರುತ್ತದೆ. ಎಲ್ಲಿ ಅಗೆದಿರಿ? ಯಾವ ನಕ್ಷೆ ಹಿಡಿದು ಅಗೆದಿರಿ?

ಈ ಅನುಮಾನ ಹುಟ್ಟಿಸಿದ್ದು ಅಮೆರಿಕದ ಲೂಸಿಯಾನ. ಅಲ್ಲಿ ಮಿಸಿಸಿಪಿ ನದಿಯ ದಡದ ಸೇಂಟ್ ಜೇಮ್ಸ್ ಪ್ರಾಂತ್ಯದಲ್ಲಿ ಅಕೇಡಿಯಾ, ಬ್ಯೂನಾ ವಿಸ್ಟಾ ಎಂಬ ಹಳೆಯ ಸಕ್ಕರೆ ತೋಟಗಳ ನೆಲದಲ್ಲಿ ಫಾರ್ಮೋಸಾ ಪ್ಲಾಸ್ಟಿಕ್ಸ್ ಎಂಬ ತೈವಾನ್ ಮೂಲದ ಕಂಪನಿ ಕಾರ್ಖಾನೆ ಕಟ್ಟಲು ಹೊರಟಿತು. ನಿಯಮದಂತೆ, ಕಟ್ಟುವ ಮೊದಲು ನೆಲದಲ್ಲಿ ಹಳೆಯ ಕುರುಹುಗಳಿವೆಯೇ ಎಂದು ನೋಡುವ ಸಮೀಕ್ಷೆ ನಡೆಯಿತು, ಸ್ಮಶಾನ ಕಾಣಲಿಲ್ಲ. ಆಮೇಲೆ ಹೊರಗಿನ ಸಂಶೋಧಕರೊಬ್ಬರು 1870ರ ದಶಕದ ನಕ್ಷೆಯೊಂದನ್ನು ಅಧಿಕಾರಿಗಳ ಗಮನಕ್ಕೆ ತಂದರು. ಸ್ಮಶಾನದ ಗುರುತು ಅದರಲ್ಲೇ ಇತ್ತು! ಮತ್ತೆ ಹುಡುಕಿದ್ದೂ ಮೊದಲು ತಪ್ಪು ಜಾಗದಲ್ಲಿ. ಕೊನೆಗೆ 2019ರಲ್ಲಿ ಬ್ಯೂನಾ ವಿಸ್ಟಾದಲ್ಲಿ ಗುಲಾಮರದೆಂದು ನಂಬಲಾದ ಗೋರಿಗಳು ಸಿಕ್ಕವು.

ಆ ನೆಲವನ್ನು ಓದುವುದು ಸುಲಭವಲ್ಲ, ಒಪ್ಪುತ್ತೇನೆ. ಪ್ರತಿ ತೋಟವೂ ನದಿಯಿಂದ ಹಿಂದಿನ ಜೌಗಿನವರೆಗೆ ಉದ್ದಕ್ಕೆ ಚಾಚಿದ ಪಟ್ಟಿ. ಮುಂದೆ ಒಡೆಯನ ಬಂಗಲೆ, ಹಿಂದೆ ಗುಲಾಮರ ಗುಡಿಸಲುಗಳು, ಗಾಣದ ಮನೆ. ಸತ್ತವರಿಗೆ ಕಲ್ಲು ನೆಡುವ ಶಕ್ತಿ ಯಾರಿಗಿತ್ತು? ನೆಟ್ಟ ಕಟ್ಟಿಗೆಯ ಗುರುತು ಕೊಳೆತುಹೋಯಿತು. ಅಷ್ಟಷ್ಟು ದೂರಕ್ಕೊಂದು ಸಣ್ಣ ಗುಂಡಿ ತೋಡಿ, ಮಣ್ಣು ಜರಡಿ ಹಿಡಿದರೆ ಗಾಜಿನ ಚೂರು, ಮೊಳೆ ಸಿಗಬಹುದು, ಗೋರಿ ಸಿಗಬೇಕೆಂದಿಲ್ಲ. ಮೇಲ್ಮಣ್ಣು ಕೆರೆದು ನೋಡಿದಾಗ ಒಮ್ಮೆ ಅಗೆದು ಮುಚ್ಚಿದ ಕಡೆ ಮಣ್ಣಿನ ಬಣ್ಣ ಬೇರೆಯಾಗಿರುತ್ತದೆ, ಅಷ್ಟೇ ಸುಳಿವು.

ಆದರೆ ಗುರುತು ಪೂರ್ತಿ ಅಳಿದಿರಲಿಲ್ಲ. ಆ ಸೀಮೆಯ ಹಳೆಯ ವೈಮಾನಿಕ ಚಿತ್ರಗಳಲ್ಲಿ ಕಬ್ಬಿನ ನಡುವೆ ಅಲ್ಲಲ್ಲಿ ಮರಗಳ ಗುಂಪು ಕಾಣುತ್ತದೆ. ಉಳುವವರು ಆ ಜಾಗ ಬಿಟ್ಟು ಉಳುತ್ತಿದ್ದರು. (ನಮ್ಮ ಮಂಡ್ಯದ ಕಡೆಯೂ ಹೊಲದಲ್ಲಿ ಹಿರಿಯರನ್ನು ಮಣ್ಣು ಮಾಡಿದ ಜಾಗಕ್ಕೆ ನೇಗಿಲು ತಾಗಿಸುವುದಿಲ್ಲ.) ಲೂಸಿಯಾನದ ಸಕ್ಕರೆ ತೋಟಗಳಲ್ಲಿ ಗುಲಾಮರ ಹುಟ್ಟಿಗಿಂತ ಸಾವೇ ಹೆಚ್ಚಿತ್ತು. ಅಂಥ ನೆಲದಲ್ಲಿ ಸ್ಮಶಾನ ಇದ್ದೇ ಇರುತ್ತದೆ ಎಂದುಕೊಂಡು ಸಮೀಕ್ಷೆ ಶುರುವಾಗಬೇಕಿತ್ತು. ಇಲ್ಲವೆಂದು ತೋರಿಸುವ ಹೊಣೆ ಕಟ್ಟುವವರದು.

ಗೋರಿಗಳ ಸುದ್ದಿ ಊರಿನವರಿಗೆ ತಿಳಿದದ್ದು ಸರ್ಕಾರಿ ದಾಖಲೆಗಳನ್ನು ಕೇಳಿ ಪಡೆದಾಗ. 2020ರ ಜೂನ್ 19, ಗುಲಾಮಗಿರಿ ಕೊನೆಗೊಂಡದ್ದನ್ನು ನೆನೆಯುವ ದಿನ, ಅಲ್ಲಿ ಪ್ರಾರ್ಥನೆ ಮಾಡುತ್ತೇವೆಂದರೆ ಕಂಪನಿ ಒಪ್ಪಲಿಲ್ಲ. ಆ ಊರಿನವರೇ ಆದ ಶರೋನ್ ಲವೀನ್ ಅವರ ‘ರೈಸ್ ಸೇಂಟ್ ಜೇಮ್ಸ್’ ಸಂಘಟನೆ ನ್ಯಾಯಾಲಯಕ್ಕೆ ಹೋಗಿ ಅನುಮತಿ ತಂದಿತು. ಹಿರಿಯರ ಗೋರಿಗೆ ಹೂವಿಡಲು ನ್ಯಾಯಾಧೀಶರ ಅಪ್ಪಣೆ.